ಏಳು ಜನರ ನೀರು ಕುಡಿದು ಸತ್ತ ಗಿಡ

ಮಾನ್ಯ ಕಚೇರಿ ಮುಖ್ಯಸ್ಥರೇ,

ನಿಮ್ಮ ಕೋಣೆಯ ಬಾಗಿಲಲ್ಲಿದ್ದ ಕುಂಡದ ಗಿಡವನ್ನು ನಾನು ಕೊಂದಿಲ್ಲ. ಕೊಂದವರು ಏಳು ಮಂದಿ. ಆ ಏಳರಲ್ಲೇ ಮೂವರನ್ನು ಆರಿಸಿ ನೀವು ತನಿಖಾ ಸಮಿತಿ ಮಾಡಿದಿರಿ. ಅವರ ವರದಿ ನಂಬಿ, ದೂರು ವಿಭಾಗದ ಗುಮಾಸ್ತನಾದ ನನ್ನನ್ನು ಬಸ್ಸಿನಲ್ಲಿ ಎಂಟು ಗಂಟೆ ದೂರದ ಶಾಖೆಗೆ ವರ್ಗ ಮಾಡಿದ್ದೀರಿ. ತಿಂಗಳ ಕೊನೆಗೆ ಹೊರಡಬೇಕಂತೆ. ಗುಟ್ಟಾಗಿ ಕೊಟ್ಟ ಮೂರು ಮನವಿಗಳಿಗೆ ಉತ್ತರ ಬಾರದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ಅಧಿಕಾರ ವಹಿಸಿಕೊಂಡ ದಿನ ನೀವು ಆ ಕುಂಡವನ್ನು ಕಾರಿನಿಂದ ಇಳಿಸಿ, "ಇದು ನನಗೆ ಮಗು ಇದ್ದ ಹಾಗೆ. ಯಾರು ಹೇಗೆ ನೋಡ್ಕೋತಾರೆ ಅಂತ ಗಮನಿಸ್ತಿರ್ತೀನಿ" ಎಂದಿರಿ. ಅಷ್ಟು ಸಾಕಾಯಿತು. ಈ ವರ್ಷ ಇದ್ದದ್ದು ಒಂದೇ ಬಡ್ತಿ. ಆಸೆ ಇದ್ದದ್ದು ಎಲ್ಲರಿಗೂ. ಹತ್ತು ವರ್ಷದಿಂದ ಹನ್ನೊಂದಕ್ಕೆ ಮೊದಲು ಮುಖ ತೋರಿಸದ ಸೂಪರಿಂಟೆಂಡೆಂಟ್ ಸಾಹೇಬರು ಮರುದಿನ ಒಂಬತ್ತಕ್ಕೇ ಬಂದು ಚೊಂಬು ಹಿಡಿದು ನಿಂತರು. ನಿಮ್ಮ ಕಾರಿನ ಹಾರ್ನ್ ಕೇಳಿದ ಮೇಲೆಯೇ ಆ ಚೊಂಬು ಬಾಗುತ್ತಿತ್ತು. ಟೈಪಿಸ್ಟ್ ಅಕ್ಕ ಮನೆಯಿಂದ ಕಾಯಿಸಿ ಆರಿಸಿದ ನೀರು ತಂದರು. ಉಗ್ರಾಣದವರು ಸೆಕೆ ಎಂದು ಮಂಜುಗಡ್ಡೆ ಹಾಕಿದರು. ಮಿಕ್ಕವರೂ ಯಾರೂ ಕಾಣದ ಹೊತ್ತು ನೋಡಿ ಸುರಿದರು. ಊರಿಗೆಲ್ಲ ನೀರು ಅಳೆದು ಹಂಚುವ ಕಚೇರಿ ನಮ್ಮದು ಸ್ವಾಮಿ! ಒಂದು ಕುಂಡಕ್ಕೆ ಎಷ್ಟು ಬೇಕೆಂದು ಅಳೆಯಲು ನಮಗೆ ಬರಲಿಲ್ಲ.

ನಾನೂ ಒಮ್ಮೆ ಲೋಟ ಹಿಡಿದು ಹೋಗಿದ್ದೆ, ಸುಳ್ಳೇಕೆ ಹೇಳಲಿ? ಕುಂಡದಿಂದ ಉಕ್ಕಿದ ನೀರನ್ನು ಒರೆಸುತ್ತಿದ್ದ ಆಯಾ ತಡೆದರು. "ಬೇಡ ಬಿಡಿ ಸಾರ್. ಬೆಳಗಿಂದ ನೀವು ಎಂಟನೇಯೋರು. ಪಾಪ, ಅದಕ್ಕೆ ಈಜು ಬರಲ್ಲ." ಆ ನೀರನ್ನು ನಾನೇ ಕುಡಿದು ಕೆಲಸಕ್ಕೆ ಕೂತೆ. ನನ್ನ ಅಪರಾಧ ಇಷ್ಟೇ.

ಎರಡೇ ತಿಂಗಳಿಗೆ ಗಿಡ ಹಳದಿಯಾಗಿ ಮಕಾಡೆ ಮಲಗಿತು. ಎಳೆದು ನೋಡಿದೆ; ಬೇರು ನೆನೆದ ಕಾಲುಚೀಲದ ಹಾಗೆ ಕೈಗೆ ಬಂತು. ಸಮಿತಿ ಬೇರನ್ನು ನೋಡಲಿಲ್ಲ, ಎಲ್ಲರ ಹೇಳಿಕೆ ಬರೆದುಕೊಂಡಿತು. ವರದಿಯ ಮಾತು ಹೀಗಿದೆ: "ಎಂಟು ಸಿಬ್ಬಂದಿಯ ಪೈಕಿ ಏಳು ಮಂದಿ ಪ್ರತಿದಿನ ತಪ್ಪದೆ ನೀರೆರೆದಿರುವುದು ದೃಢಪಟ್ಟಿದೆ. ಆದಕಾರಣ ಸದರಿ ಗಿಡವು ನೀರೆರೆಯದ ಎಂಟನೆಯವರ ನಿರ್ಲಕ್ಷ್ಯದಿಂದಲೇ ಮೃತಪಟ್ಟಿದೆ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಬಡ್ತಿ ಸೂಪರಿಂಟೆಂಡೆಂಟ್ ಸಾಹೇಬರಿಗೆ ಸಿಕ್ಕಿತು. ಗಿಡದ ಕೊನೆಯುಸಿರಿನವರೆಗೂ ಅವರು ಸೇವೆ ಮಾಡಿದ್ದರಲ್ಲ?

ಮನೆಯಲ್ಲಿ ಕೇಳಿದರೆ ಅಲ್ಲೂ ನಾನೇ ಅಪರಾಧಿ. "ಒಂದು ಲೋಟ ನೀರು ಹಾಕಿ ಬಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು ಹೆಂಡತಿ. ನಾನು ನ್ಯಾಯ, ಅನ್ಯಾಯ ಎಂದು ಶುರು ಮಾಡಿದೆ. "ಸರಿ, ಆ ನ್ಯಾಯಾನ ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಹೋಗಿ" ಎಂದಳು. ಮಗಳಿಗೆ ಈ ವರ್ಷ ಶಾಲೆಯ ಕೊನೆಯ ಪರೀಕ್ಷೆ. ಗಣಿತವೆಂದರೆ ಅಳುವ ಹುಡುಗಿ, ಹೇಳಿಕೊಡುವವನು ನಾನೊಬ್ಬನೇ. "ಅಪ್ಪಾ, ನೀನು ಹೋದ್ರೆ ಲೆಕ್ಕ ತಪ್ಪಿದಾಗ ನನ್ನ ತಲೆ ಮೇಲೆ ಮೊಟಕೋರು ಯಾರು?" ಎಂದು ಕೇಳಿದಳು. ಅಲ್ಲೇ ಒಂದು ಸಲ ಮೊಟಕಿದೆ.

ಆದ್ದರಿಂದ ವರ್ಗಾವಣೆಯನ್ನು ರದ್ದು ಮಾಡಿ. ಆಗದಿದ್ದರೆ ಪರೀಕ್ಷೆ ಮುಗಿಯುವವರೆಗಾದರೂ ತಡೆಯಿರಿ. ಬೇರನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ. ಗಿಡದ ಬಗ್ಗೆ ತಿಳಿದ ಯಾರಿಗಾದರೂ ತೋರಿಸಿ.

ಇನ್ನೊಂದು ಮಾತು. ಸೋಮವಾರ ನಿಮ್ಮ ಬಾಗಿಲಿಗೆ ಹೊಸ ಗಿಡ ಬಂದಿದೆ. ಮುಟ್ಟಿ ನೋಡಿದೆ, ಪ್ಲಾಸ್ಟಿಕ್ಕು. ಏಳು ಮಂದಿಯೂ ಮತ್ತೆ ನೀರೆರೆಯುತ್ತಿದ್ದಾರೆ. "ಈ ಸಲ ಒಂದು ಎಲೆನೂ ಬಾಡಿಲ್ಲ ನೋಡಿ!" ಎಂದು ಟೈಪಿಸ್ಟ್ ಅಕ್ಕ ಹಿಗ್ಗುತ್ತಾರೆ. ಇವತ್ತು ಬೆಳಿಗ್ಗೆ, ಸರಿಯಾಗಿ ನಿಮ್ಮ ಕಾರು ಒಳಬರುವ ಹೊತ್ತಿಗೆ, ನಾನೂ ಒಂದು ಲೋಟ ಹಾಕಿದ್ದೇನೆ. ಆಯಾ ಮುಖ ತಿರುಗಿಸಿಕೊಂಡು ನೆಲ ಒರೆಸಿದರು. ದಯವಿಟ್ಟು ನನ್ನ ಹೆಸರನ್ನೂ ಬರೆದುಕೊಳ್ಳಿ.

ಇಂತಿ,
ನಲ್ಲಿಯಲ್ಲಿ ನೀರಿಲ್ಲವೆಂಬ ಊರಿನ ದೂರುಗಳನ್ನು ಬರೆದುಕೊಳ್ಳುವ,
ಪ್ಲಾಸ್ಟಿಕ್ಕಿಗೆ ನೀರೆರೆದ ಎಂಟನೆಯವನು