ಹಾಜರಿ ಪುಸ್ತಕದ ದ್ರೌಪದಮ್ಮ

ತ್ಯಾಗರಾಜನಗರ, ಬೆಂಗಳೂರು
9 ನವೆಂಬರ್ 2025

ಪ್ರೀತಿಯ ದ್ರೌಪದಕ್ಕಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಬಾಟಲಿಯನ್ನು ಕಿಟಕಿಯಲ್ಲಿಟ್ಟು ನೋಡುತ್ತಿದ್ದೀಯೋ? ನಲವತ್ತು ವರ್ಷ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿದವಳಿಗೆ ಹೊಸೂರಿನ ಮಗಳ ಮನೆಯಲ್ಲಿ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮೀನಾ, ಇದನ್ನು ನಿಮ್ಮಮ್ಮನಿಗೆ ನಿಧಾನವಾಗಿ ಓದಿ ಹೇಳು. ಒಂದು ಸಾಲನ್ನೂ ಹಾರಿಸಬೇಡ.

ನಮ್ಮೂರ ಸ್ಕೂಲಿಗೆ ಎಪ್ಪತ್ತೈದು ವರ್ಷ ತುಂಬಿತು ಅಕ್ಕಾ. ಹೆಡ್‌ಮಾಸ್ತರು ರವಿಕುಮಾರ್ ಮನೆಗೇ ಬಂದು, ‘ಮೇಡಂ, ನಮ್ಮ ಸ್ಕೂಲಿಗೆ ಸೇರಿದ ಮೊದಲ ಹುಡುಗಿ ನೀವೇ. ಚರಿತ್ರೆ ನೀವೇ ಬರೀಬೇಕು, ದೀಪಾನೂ ನೀವೇ ಹಚ್ಚಬೇಕು’ ಅಂದರು. ಉಬ್ಬಿಹೋಗಿ ಒಪ್ಪಿಕೊಂಡೆ. ಮೊದಲು ಚಾವಡಿಯಲ್ಲಿ ನಡೆದ ಪಾಠ, ನಡುವೆ ನುಗ್ಗುತ್ತಿದ್ದ ಮೇಕೆಗಳು, ಒಂದು ಬೇಸಿಗೆಯಲ್ಲಿ ಊರವರೆಲ್ಲ ಮಣ್ಣು ತುಳಿದು ಎಬ್ಬಿಸಿದ ಗೋಡೆ, ಎಲ್ಲ ಬರೆದೆ. ತರಕಾರಿ ಇಳಿಸಿ ವಾಪಸು ಬರುವಾಗ ಅಪ್ಪ ಗಾಡಿಯಲ್ಲಿ ಹುಲ್ಲು ಹಾಸಿ ಹೆಂಚು ತರುತ್ತಿದ್ದದ್ದನ್ನೂ ಬರೆದೆ. ಆಮೇಲೆ ರವಿಕುಮಾರ್ ಹಳೆಯ ದಾಖಲಾತಿ ಪುಸ್ತಕದ ಫೋಟೋ ಕಳಿಸಿದರು. ‘ದ್ರೌಪದಮ್ಮ, ತಂದೆ ವೆಂಕಟರಾಮಪ್ಪ, ಜನನ 1-6-1954.’ ಅಲ್ಲಿಗೆ ನನ್ನ ಪೆನ್ನು ನಿಂತಿತು.

ನೆನಪಿದೆಯಾ? ವಯಸ್ಸು ತಿಳಿಯಲು ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ನಿನಗೆ ಏಳು, ನಿನ್ನ ಕೈ ಎಟುಕಿತು. ನನಗೆ ಐದು, ಎಟುಕದೆ ಅತ್ತುಬಿಟ್ಟೆ. ಮೇಷ್ಟ್ರು ನಿನ್ನ ಹೆಸರು ಬರೆದುಕೊಂಡರು. ಅದೇ ವಾರ ಅಮ್ಮನಿಗೆ ಹೆರಿಗೆಯಾಯಿತು, ಕೂಸನ್ನು ನೋಡಿಕೊಳ್ಳಲು ನೀನು ಮನೆಯಲ್ಲಿ ಉಳಿದೆ. ಬರೆಸಿದ ಹೆಸರು ದಂಡವಾಗಬಾರದು ಅಂತ ಅಪ್ಪ ನನ್ನನ್ನು ಕಳಿಸಿದರು. ‘ದ್ರೌಪದಮ್ಮ ಅಂತ ಕೂಗಿದ್ರೆ ಹಾಜರ್ ಸಾರ್ ಅನ್ನು, ಅಷ್ಟೇಯ’ ಅಂದರು. ನಾನೂ ಹಾಗೇ ಅಂದೆ. ಅದೇ ಹೆಸರಲ್ಲಿ ಪಾಸಾದೆ, ಟೀಚರ್ ಆದೆ, ನಿನ್ನ ವಯಸ್ಸಿನ ಲೆಕ್ಕದಲ್ಲಿ ಎರಡು ವರ್ಷ ಮೊದಲೇ ರಿಟೈರೂ ಆದೆ. ಆ ಎರಡು ವರ್ಷ ವಾಪಸು ಕೊಡು ಅಂತ ನಿನ್ನನ್ನು ಎಷ್ಟು ಕಾಡಿಸಿದ್ದೇನೆ! ಆದರೆ ಸ್ಕೂಲಿಗೆ ಹೋಗಲು ನಿನಗೂ ಆಸೆ ಇತ್ತಾ ಅಂತ ಒಂದು ದಿನವೂ ಕೇಳಲಿಲ್ಲ. ಅದಕ್ಕೆ ನನಗೆ ನಾಚಿಕೆಯಾಗುತ್ತಿದೆ ಅಕ್ಕಾ.

ಮಗ ಪ್ರಸನ್ನನಿಗೆ ಭಯ. ‘ಅಮ್ಮ, ಸುಮ್ನಿರು, ಪೆನ್ಷನ್ ಕಾಗದ ಎಲ್ಲ ಅದೇ ಹೆಸರಲ್ಲಿದೆ’ ಅನ್ನುತ್ತಾನೆ. ಇರಲಿ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ನಿಜ ಹೇಳಿ ಅಂತ ಪಾಠ ಮಾಡಿದವಳು ನನ್ನ ಸ್ಕೂಲಿನ ಚರಿತ್ರೆಯಲ್ಲೇ ಸುಳ್ಳು ಬರೆಯಲೇ? ನಡೆದದ್ದು ನಡೆದ ಹಾಗೆ ಬರೆದು ರವಿಕುಮಾರ್‌ಗೆ ಫೋನಿನಲ್ಲಿ ಓದಿ ಹೇಳಿದೆ. ಕೇಳಿ ಮುಗಿಸಿ ಅವರು, ‘ಹಾಗಾದ್ರೆ ಅವ್ರನ್ನೇ ಕರ್ಕೊಂಡ್ಬನ್ನಿ’ ಅಂದರು.

ಕಾರ್ಯಕ್ರಮ ಇದೇ ಮೂವತ್ತನೇ ತಾರೀಕು, ಭಾನುವಾರ. ಹಿಂದಿನ ದಿನವೇ ಪ್ರಸನ್ನ ಕಾರು ತರುತ್ತಾನೆ. ಮೀನಾಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ಹೆಸರಲ್ಲಿ ಓದಿದ ತಂಗಿ,
ಕುಸುಮಾ

ಮರೆತಿದ್ದೆ: ದೀಪ ಯಾರು ಬೇಕಾದರೂ ಹಚ್ಚಲಿ. ಅವತ್ತು ಹಳೆಯ ಪುಸ್ತಕ ಹಿಡಿದು ಹಾಜರಿ ಕೂಗುತ್ತಾರಂತೆ. ನಿನ್ನ ಹೆಸರು ಬಂದಾಗ ಅಭ್ಯಾಸಬಲದಿಂದ ನಾನೇ ಎದ್ದುಬಿಟ್ಟೇನು, ನನ್ನ ಕೈ ಹಿಡಿದು ಕೂರಿಸು. ನೀನು ಎದ್ದು ‘ಹಾಜರ್ ಸಾರ್’ ಅನ್ನು. ಮಾರ್ಕೆಟ್ಟಿನಲ್ಲಿ ಸೊಪ್ಪು ಕೂಗುತ್ತಿದ್ದೆಯಲ್ಲ, ಅಷ್ಟು ಗಟ್ಟಿಯಾಗಿ.