ಕಿಟಕಿ ಕಡೆಯ ಮಗ್ಗುಲು

ಅಪ್ಪಾ,

ನೀನು ಹೋದ ಮೇಲೆ ಬಣ್ಣದ ಡಬ್ಬಿ ತೆಗೆದಿದ್ದು ಇವತ್ತೇ. ಬೆಳಗ್ಗೆ ಅಡುಗೆಮನೆ ಮೇಜಿನ ಮೇಲೆ ಏನು ಕಂಡರೂ, ಅದನ್ನು ಇದ್ದಲ್ಲೇ ಬಿಟ್ಟು ಚಿತ್ರ ಬರೆಯುವ ನನ್ನ ಚಾಳಿ ನಿನಗೆ ಗೊತ್ತಲ್ಲ. ಇವತ್ತು ಸ್ಟೀಲ್ ಲೋಟದ ಸರದಿ. ನೀನಿದ್ದಿದ್ದರೆ, "ಏನಮ್ಮಾ, ಲೋಟಕ್ಕೂ ಫೋಟೋ ತೆಗೆಸ್ಕೊಳ್ಳೋ ಯೋಗ ಬಂತಾ?" ಅನ್ನುತ್ತಿದ್ದೆ.

ಬಣ್ಣ ಒಣಗುವಾಗ ಅಮ್ಮ ಬಂದು ನೋಡಿದಳು.

"ಕಿಟಕಿ ಕಡೆ ಮಗ್ಗುಲಿಗೇ ಯಾಕೆ ಕಪ್ಪು ಬಳಿದಿದ್ದೀಯೇ? ಬಿಸಿಲು ಬರೋದೇ ಅಲ್ಲಿಂದ ಅಲ್ವಾ?"

ತಲೆಯೆತ್ತಿ ನೋಡಿದೆ. ಲೋಟದ ಆ ಮಗ್ಗುಲು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ನನ್ನ ಕೈ ಮಾತ್ರ ರೂಢಿಯಂತೆ ನಿನ್ನ ನೆರಳನ್ನು ಬರೆದಿತ್ತು.

ಟೈಲರ್ ಅಂಗಡಿ ಮುಚ್ಚಿದ ಮೇಲೂ ನೀನು ಆ ಕಿಟಕಿಗೆ ಒತ್ತಿಕೊಂಡು ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದೆ. "ಸ್ವಲ್ಪ ಸರ್ಕೊಳ್ಳಪ್ಪಾ, ಬೆಳಕಿಗೆ ಅಡ್ಡ ಕೂತಿದ್ದೀಯ" ಎಂದು ನಾನು ದಿನವೂ ಸಿಡುಕುತ್ತಿದ್ದೆ. "ನನ್ನ ಸೂಜಿಗೂ ಬೆಳಕು ಬೇಕಲ್ವೇನೇ?" ಎನ್ನುತ್ತಲೇ ನೀನು ಕುರ್ಚಿ ಎಳೆದುಕೊಳ್ಳುತ್ತಿದ್ದೆ.

"ತಿದ್ದಲಾ?" ಎಂದು ಕೇಳಿದೆ. ಅಮ್ಮ ನಿನ್ನ ಕುರ್ಚಿಯನ್ನೇ ನೋಡುತ್ತಾ, "ಇರ್ಲಿ ಬಿಡೇ" ಎಂದಳು.

ಈಗ ಮೇಜಿನ ತುಂಬ ಬೆಳಕಿದೆ, ಅಪ್ಪಾ. ಯಾರೂ ಅಡ್ಡ ಇಲ್ಲ.