ನನ್ನ ಅಪ್ಪನ ಹೆಸರು ಇನ್ನೂ ದಾರಿಯಲ್ಲಿದೆ

ಉತ್ತರದ ಜನರ ಯೋಗಕ್ಷೇಮ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನ್ನ ಅಪ್ಪ ಸತ್ತಿರುವುದು ನನ್ನ ಅಕ್ಕ ಅಲಾಸಿಗೆ ಇನ್ನೂ ಗೊತ್ತಿಲ್ಲ. ಅಲಾಸಿಗೆ ಹುಟ್ಟಿದ ಮಗು ಗಂಡೋ ಹೆಣ್ಣೋ ನಮಗೆ ಗೊತ್ತಿಲ್ಲ. ಎರಡಕ್ಕೂ ಕಾರಣ ನೀವು. ಒಂದೇ ಮನೆಯವರನ್ನು ಒಂದೇ ಹಡಗಿಗೆ ಹತ್ತಿಸಿ ಎರಡು ದ್ವೀಪಗಳಲ್ಲಿ ಇಳಿಸಿದವರು ನೀವು. ಈ ಪತ್ರದ ಒಂದು ಪ್ರತಿಯನ್ನು ನಿಮಗೆ ಕಳಿಸುತ್ತೇನೆ. ಇನ್ನೊಂದನ್ನು ಇಲ್ಲಿನ ಗೋದಾಮಿನ ಬಾಗಿಲಿಗೆ ಮೊಳೆ ಹೊಡೆದು ಹಚ್ಚುತ್ತೇನೆ, ಬೇಸಿಗೆಯ ಹಡಗಿನವರೆಲ್ಲ ಓದಲಿ.

ಮೊದಲು ನಿಮ್ಮದೊಂದು ಮಾತನ್ನು ತಿದ್ದಬೇಕಾಗಿದೆ. ನಾವು ಮನಃಪೂರ್ವಕವಾಗಿ ಒಪ್ಪಿ ಇಲ್ಲಿಗೆ ಬಂದೆವೆಂದು ನೀವು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದೀರಂತೆ. ನೀವು ನಮ್ಮ ಗುಡಾರಕ್ಕೆ ಬಂದ ದಿನ ನಾನು ಅಲ್ಲೇ ಮೂಲೆಯಲ್ಲಿ ಕೂತು, ಬೂಟಿನ ತೊಗಲು ಮೆತ್ತಗಾಗಲೆಂದು ಅಗಿಯುತ್ತಿದ್ದೆ. ಬಾಯಿಗೆ ಕೆಲಸವಿತ್ತು, ಕಣ್ಣಿಗಿರಲಿಲ್ಲ. ನಿಮ್ಮ ದುಭಾಷಿ ಅಪ್ಪನನ್ನು ಕೇಳಿದ: "ಅಣ್ಣಾ, ಅಲ್ಲಿ ಬೇಟೆ ಬೇಕಾದಷ್ಟಿದೆಯಂತೆ. ಎರಡು ವರ್ಷ ಇದ್ದು ನೋಡು. ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಬರ್ತಾರಂತೆ. ಏನಂತೀಯಾ?"

ಅಪ್ಪ ಮೂಗು ಸುಕ್ಕಿಸಿದ.

ನಮ್ಮಲ್ಲಿ ಹುಬ್ಬು ಏರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ. ಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ದುಭಾಷಿ ತಲೆ ತಗ್ಗಿಸಿ ತನ್ನ ಕೈಗವಸು ನೋಡಿಕೊಂಡ. ನೀವು ನಕ್ಕು ಅಪ್ಪನ ಕೈ ಕುಲುಕಿದಿರಿ. ದೀಪದಲ್ಲಿ ಉರಿಯುವ ಸೀಲ್ ಪ್ರಾಣಿಯ ಕೊಬ್ಬಿನ ವಾಸನೆಗೆ ಮೂಗು ಸುಕ್ಕಿಸಿದ ಅಂದುಕೊಂಡಿರೇನೋ! ಹುಟ್ಟಿದಾಗಿನಿಂದ ಅದೇ ವಾಸನೆಯಲ್ಲಿ ಬೆಳೆದವನು ಸ್ವಾಮಿ ಅವನು.

ನೀವು ಹೋದ ಮೇಲೆ ಅಮ್ಮ ರೇಗಿದಳು: "ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಮುಖದ ಮೇಲೇ ಹೇಳಿದ್ನಲ್ಲೇ. ದೊಡ್ಡ ಮನುಷ್ಯ. ಅವನ ಮುಂದೆ ಅದಕ್ಕಿಂತ ಜೋರಾಗಿ ಹೇಳೋಕಾಗುತ್ತಾ?"

ಹಡಗು ಉತ್ತರಕ್ಕೆ ಬಂದಮೇಲೆ, ಅರ್ಧ ಜನ ಇಲ್ಲಿ ಇಳಿಯಬೇಕು, ಇನ್ನರ್ಧ ಮುಂದಿನ ದ್ವೀಪದಲ್ಲಿ ಎಂದು ಹೇಳಿದಿರಿ. ಅದನ್ನು ಮೊದಲೇ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಹೆಂಗಸರು ಅತ್ತರು, ನಾಯಿಗಳು ಊಳಿಟ್ಟವು. ಅಲಾಸಿ ತುಂಬು ಬಸುರಿ. ಅವಳನ್ನು ನಗಿಸಬೇಕೆಂದು ಅಪ್ಪ ಹೇಳಿದ: "ನೋಡು, ಮಗುಗೆ ಯಾರ ಹೆಸರಾದ್ರೂ ಇಡು. ನನ್ನ ಹೆಸರಿಗೆ ಮಾತ್ರ ಕೈ ಹಾಕ್ಬೇಡ, ಅದು ಇನ್ನೂ ನಂಗೇ ಬೇಕು." ಅವಳು ಅಳುತ್ತಲೇ ನಕ್ಕಳು. ಅಪ್ಪ ಅವಳಿಗೆ ಹೇಳಿದ ಕೊನೆಯ ಮಾತು ಅದೇ.

ಇಲ್ಲಿನ ವಿಷಯ ಹೆಚ್ಚು ಹೇಳುವುದಿಲ್ಲ. ನಮ್ಮೂರಲ್ಲಿ ಬಾತುಮೊಟ್ಟೆಯಿತ್ತು, ಹಣ್ಣಿತ್ತು, ಚಳಿಗಾಲದಲ್ಲೂ ಸೂರ್ಯ ಒಂದಿಷ್ಟು ಹೊತ್ತು ಮುಖ ತೋರಿಸುತ್ತಿದ್ದ. ಇಲ್ಲಿರುವುದು ಜಲ್ಲಿಕಲ್ಲು. ಚಳಿಗಾಲ ಪೂರ್ತಿ ಕತ್ತಲು. ಬೇಟೆ ಹೇರಳವಾಗಿದೆ, ನಿಜ. ಆದರೆ ಕಸ್ತೂರಿ ಎತ್ತನ್ನು ಮುಟ್ಟಿದರೆ ಜೈಲು ಎಂದು ನಿಮ್ಮವರೇ ಹೇಳಿದರು. ಹಿಮದಲ್ಲಿ ಹುಟ್ಟಿದವನಿಗೆ ಯಾವ ಹಿಮವಾದರೇನು ಎಂದು ನೀವು ಲೆಕ್ಕ ಹಾಕಿದ್ದಿರಿ. ಮೀನುಗಾರನಿಗೆ ಎಲ್ಲ ಕಡಲೂ ಒಂದೇ ಎಂದಹಾಗಾಯಿತು. ಈ ಕೊಲ್ಲಿಯಲ್ಲಿ ನೀರಿನ ಸೆಳವು ಮಂಜುಗಡ್ಡೆಯನ್ನು ಎಲ್ಲಿ ಕೆಳಗಿನಿಂದ ತಿನ್ನುತ್ತದೆ ಎಂದು ಅಪ್ಪನಿಗೆ ಹೇಳಿಕೊಡುವ ಹಿರಿಯರು ಇಲ್ಲಿ ಯಾರೂ ಇರಲಿಲ್ಲ. ಮೊದಲ ಚಳಿಗಾಲವೇ ಕಾಲಡಿಯ ಮಂಜುಗಡ್ಡೆ ಒಡೆದು, ನೀರಿಗೆ ಬಿದ್ದು ಹೋದ. ದೇಹ ಸಿಕ್ಕಿತು. ನೆಲ ಅಗೆಯಲಾಗದೆ ಮೇಲೆ ಕಲ್ಲು ಪೇರಿಸಿದೆವು.

ನನಗೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಚಳಿಗೆ ಬೆರಳು ಮೊದಲು ಉರಿಯುತ್ತದೆ, ಆಮೇಲೆ ಏನೂ ಅನಿಸುವುದಿಲ್ಲ. ನಾನೀಗ ಹಾಗಿದ್ದೇನೆ.

ಈಗ ಮುಖ್ಯ ವಿಷಯ. ನನ್ನಮ್ಮ ನನ್ನನ್ನು ಕರೆಯುವುದು "ಅಜ್ಜೀ" ಎಂದು. ಅವಳ ಅಜ್ಜಿ ತೀರಿಕೊಂಡ ವರ್ಷ ನಾನು ಹುಟ್ಟಿದೆ, ಹೆಸರು ನನಗೆ ಬಂತು. ಹೆಸರಿನ ಜೊತೆ ಅಜ್ಜಿಯೂ ಬಂದಳು. ಅದಕ್ಕೇ ಅಮ್ಮ ನನಗೆ ಒಂದು ದಿನವೂ ಹೊಡೆದಿಲ್ಲ. ಅಜ್ಜಿಗೆ ಯಾರು ಹೊಡೆಯುತ್ತಾರೆ? ನಮ್ಮಲ್ಲಿ ಸತ್ತವರು ಹೀಗೆ ಮನೆಗೆ ಮರಳುತ್ತಾರೆ. ಕುಮಾಲುಕ್ ಎಂಬ ನನ್ನ ಅಪ್ಪನ ಹೆಸರಿಗೆ ಈಗ ಮೈಯಿಲ್ಲ. ಅದು ಸೇರಬೇಕಾದದ್ದು ಅಲಾಸಿಯ ಮಗುವನ್ನು. ಮಗು ಹೆಣ್ಣಾದರೂ ನಡೆಯುತ್ತದೆ, ಬೇರೆ ಹೆಸರಿಟ್ಟಿದ್ದರೂ ಇದನ್ನು ಸೇರಿಸಬಹುದು. ಆದರೆ ಅವಳು ಅಪ್ಪನ ಮಾತು ಮೀರುವವಳಲ್ಲ. ಅವನು ಬದುಕಿದ್ದಾನೆಂದೇ ಆ ಹೆಸರನ್ನು ಮುಟ್ಟದೆ ಕೂತಿದ್ದಾಳೆ.

ಹೋದ ಬೇಸಿಗೆಯ ಹಡಗು ಮಂಜುಗಡ್ಡೆಗೆ ಹೆದರಿ ಅವಳ ದ್ವೀಪಕ್ಕೆ ಹೋಗಲೇ ಇಲ್ಲ. ಅಮ್ಮ ಪೊಲೀಸ್ ಪೇದೆಯ ಬಾಗಿಲಿಗೆ ಹೋದಳು. "ನಿನ್ನ ರೇಡಿಯೊದಲ್ಲಿ ನನ್ನ ಮಗಳಿಗೆ ಒಂದು ಮಾತು ಹೇಳ್ತೀಯೇನಪ್ಪ? ಅಪ್ಪ ಹೆಸರು ಬಿಟ್ಟುಕೊಟ್ಟಿದ್ದಾನೆ ಅಂತ. ಅಷ್ಟೇ."

"ರೇಡಿಯೊ ಸರ್ಕಾರಿ ಕೆಲಸಕ್ಕೆ ಮಾತ್ರ, ತಾಯಿ."

ಆ ರೇಡಿಯೊ ದಿನಾ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನಿಮಗೆ ತಿಳಿಸುತ್ತದೆ. ಗಾಳಿಗಿರುವ ಮರ್ಯಾದೆ ಸತ್ತವನಿಗೆ ಬೇಡವೇ?

ನೀವು ಹೇಳಿದ ಎರಡು ವರ್ಷ ಈ ಬೇಸಿಗೆಗೆ ಮುಗಿಯುತ್ತದೆ. ನಮಗೆ ಸರಿಹೋಗಲಿಲ್ಲ. ನಮ್ಮನ್ನು ನಮ್ಮೂರಿಗೆ ಬಿಡಿ. ಅದಕ್ಕೂ ಮೊದಲು ರೇಡಿಯೊದಲ್ಲಿ ಅಮ್ಮನ ಆ ಒಂದು ಮಾತು ಹೇಳಿಸಿ, ಹೋಗುವಾಗ ಅಕ್ಕನ ದ್ವೀಪದಲ್ಲಿ ಹಡಗು ನಿಲ್ಲಿಸಿ. ಅಮ್ಮ ತನ್ನ ಗಂಡನನ್ನು ನೋಡಬೇಕು. ಅವನಿಗೀಗ ಹಲ್ಲು ಬಂದಿರಬೇಕು. ಯಾರಾದರೂ ಏನಾದರೂ ಕೇಳಿದರೆ ಮೂಗು ಸುಕ್ಕಿಸಲೂ ಕಲಿತಿರಬೇಕು. ಈ ಸಲ ದಯವಿಟ್ಟು ಅವನ ಮುಖ ನೋಡಿ.

ಇಂತಿ,
ಮೊಮ್ಮಗಳ ಕಣ್ಣೀರು ಒರೆಸಲಾಗದ ಹದಿನೇಳರ ಅಜ್ಜಿ,
ಅಕಿನಿಸಿ